ಒಂದೇ ಪಾಸ್‌ವರ್ಡ್ ಬಿಟ್ಟು ಪಾಸ್‌ವರ್ಡ್ ಮ್ಯಾನೇಜರ್ ಹಾಕಿದ್ದು: ನನ್ನ ಅನುಭವ

ಉಡುಪಿ ಸಂತೆಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಉಂಟು. ಜಿಎಸ್‌ಟಿ, ಬ್ಯಾಂಕು, ಕರೆಂಟ್ ಬಿಲ್ಲು, ಮಕ್ಕಳ ಸ್ಕೂಲಿನ ಆಪ್, ಎಲ್ಲದಕ್ಕೂ ನಾನು ವರ್ಷಗಟ್ಟಲೆ ಒಂದೇ ಪಾಸ್‌ವರ್ಡ್ ಇಟ್ಟವ, ಹೆಚ್ಚಂದ್ರೆ ಕೊನೆಗೊಂದು ಅಂಕಿ ಬದಲಿಸುದು. ಕಳೆದ ಮಳೆಗಾಲದಲ್ಲಿ ಯಾವುದೋ ಶಾಪಿಂಗ್ ಸೈಟಿಂದ ಲೀಕ್ ಆದ ಅದೇ ಪಾಸ್‌ವರ್ಡಲ್ಲಿ ಯಾರೋ ನನ್ನ ಇಮೇಲ್ ಒಳಗೆ ಹೊಕ್ಕಿದ್ರು. ರಾತ್ರಿ ನಿದ್ದೆ ಬರ್ಲಿಲ್ಲ ಮಾರ್ರೆ, ಬಾಕಿ ಎಲ್ಲದರ ರೀಸೆಟ್ ಲಿಂಕ್ ಬರುದು ಅದಕ್ಕೇ ಅಲ್ವಾ.

ಆಗ ಪಾಸ್‌ವರ್ಡ್ ಮ್ಯಾನೇಜರ್ ಹಾಕುವ ಅಂತ ಯೋಚಿಸಿದೆ. ಅದು ಪ್ರತಿ ಸೈಟಿನ ಬೇರೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳುವ ಆಪ್, ನಮಗೆ ನೆನಪಿರಬೇಕಾದದ್ದು ಅದನ್ನು ತೆರೆಯುವ ಒಂದೇ ಮಾಸ್ಟರ್ ಪಾಸ್‌ವರ್ಡ್. ಆದ್ರೆ ಎಲ್ಲ ಒಂದೇ ಕಡೆ ಇಟ್ಟು ಅದನ್ನೇ ಕದ್ರೆ ಎಂತ ಮಾಡುದು ಅಂತ ನನಗೂ ಹೆದರಿಕೆ ಇತ್ತು. 2022ರಲ್ಲಿ ಲಾಸ್ಟ್‌ಪಾಸ್ ಅಂತ ಇಂಥದ್ದೇ ಒಂದು ಮ್ಯಾನೇಜರಿನ ಕಂಪನಿಯಿಂದ ಗ್ರಾಹಕರ ವಾಲ್ಟ್‌ಗಳ, ಅಂದ್ರೆ ಪಾಸ್‌ವರ್ಡ್ ಇಡುವ ಪೆಟ್ಟಿಗೆಗಳ, ಕಾಪಿಯೇ ಕಳವಾಗಿತ್ತು. ಅದರಲ್ಲಿ ಸೈಟ್‌ಗಳ ಅಡ್ರೆಸ್ ಹಾಗೇ ಕಾಣ್ತಿತ್ತು, ಆದ್ರೆ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ವು, ಅಂದ್ರೆ ಮಾಸ್ಟರ್ ಪಾಸ್‌ವರ್ಡ್ ಇಲ್ಲದೆ ಓದ್ಲಿಕ್ಕೆ ಆಗದ ಗುಪ್ತ ಲಿಪಿಯಲ್ಲಿದ್ವು, ಹಾಗಾಗಿ ಹೆಚ್ಚು ಅಪಾಯ ಇದ್ದದ್ದು ಮಾಸ್ಟರ್ ಪಾಸ್‌ವರ್ಡ್ ಸಡಿಲ ಇಟ್ಟವರಿಗೆ. ಇದು ತಿಳಿದ ಮೇಲೆ ನಾನು ಬಿಟ್‌ವಾರ್ಡನ್ ಅಂತ ಒಂದು ಮ್ಯಾನೇಜರ್ ಹಾಕಿದೆ, ಅದರ ಕೋಡ್ ಓಪನ್, ಅಂದ್ರೆ ಯಾರು ಬೇಕಾದ್ರೂ ನೋಡ್ಬಹುದು, ಫ್ರೀಯಲ್ಲೇ ಫೋನು ಕಂಪ್ಯೂಟರ್ ಎರಡಕ್ಕೂ ಆಗ್ತದೆ.

ಮಾಸ್ಟರ್ ಪಾಸ್‌ವರ್ಡಿಗೆ ಮೊದಲು ಯಕ್ಷಗಾನದ ಪದದ ಒಂದು ಸಾಲು ಹಾಕುವ ಅಂತಿದ್ದೆ, ಆದ್ರೆ ನಾಲ್ಕು ಜನಕ್ಕೆ ಬಾಯಿಪಾಠ ಇರುವ ಸಾಲು ಎಂತ ಗುಟ್ಟು? ಕಣ್ಣು ಮುಚ್ಚಿ ಡಿಕ್ಷನರಿಯ ಐದು ಕಡೆ ಬೆರಳಿಟ್ಟು ಸಿಕ್ಕಿದ ಐದು ಶಬ್ದ ತೆಗೊಂಡೆ, ಚಂದ ಇಲ್ಲ ಅಂತ ಒಂದನ್ನೂ ಬದಲಿಸ್ಲಿಲ್ಲ. ದಿನಾ ಬೆಳಿಗ್ಗೆ ಶಟರ್ ಎತ್ತಿದ ಕೂಡ್ಲೆ ಟೈಪ್ ಮಾಡಿ ಮಾಡಿ ಬಾಯಿಗೆ ಬಂತು. ಮರೆತ್ರೆ ಕಂಪನಿಯವರಿಗೂ ತೆಗೆದು ಕೊಡ್ಲಿಕ್ಕೆ ಆಗುದಿಲ್ಲ, ಅದಕ್ಕೆ ಕಾಗದದಲ್ಲಿ ಬರೆದು ಕವರಿಗೆ ಹಾಕಿ ಕಪಾಟಲ್ಲಿ ಜಾಗದ ಪತ್ರದ ಒಟ್ಟಿಗೆ ಇಟ್ಟು ಹೆಂಡತಿಗೂ ತೋರಿಸಿದ್ದೇನೆ.

ಒಂದೇ ದಿನ ಎಲ್ಲ ಬದಲಿಸ್ಲಿಕ್ಕೆ ಹೋಗ್ಬೇಡಿ. ನಾನು ಮೊದಲು ಇಮೇಲ್, ಮತ್ತೆ ಬ್ಯಾಂಕು, ಜಿಎಸ್‌ಟಿ ಮಾಡಿದೆ, ಉಳಿದದ್ದು ಲಾಗಿನ್ ಆದಾಗ ಆದಾಗ, ಎರಡು ತಿಂಗಳು ಹಿಡಿಯಿತು. ಇಮೇಲಿಗೂ ಮ್ಯಾನೇಜರಿಗೂ ಎರಡನೇ ಹಂತದ ಕೋಡ್, ಅಂದ್ರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವ ಹಾಗೆ, ಹಾಕಿದೆ. ಯುಪಿಐ ಪಿನ್ ಮಾತ್ರ ಅದರಲ್ಲಿ ಇಡ್ಲಿಲ್ಲ, ಅದು ತಲೆಯಲ್ಲೇ ಉಂಟು.

ನನಗೆ ಪೂರ್ತಿ ನಂಬಿಕೆ ಬಂದದ್ದು ಮೊನ್ನೆ. ಕೆವೈಸಿ ಮಾಡಿ ಅಂತ ಮೆಸೇಜ್ ಬಂತು, ಅಂಗಡಿಯ ಗಡಿಬಿಡಿಯಲ್ಲಿ ಲಿಂಕ್ ಒತ್ತಿದೆ, ಪೇಜು ನಮ್ಮ ಬ್ಯಾಂಕಿನದ್ದರ ಹಾಗೇ ಇತ್ತು, ಆದ್ರೆ ಯಾವಾಗ್ಲೂ ತನ್ನಷ್ಟಕ್ಕೆ ಬರುವ ಪಾಸ್‌ವರ್ಡ್ ಬರ್ಲೇ ಇಲ್ಲ. ಮ್ಯಾನೇಜರ್ ನೋಡುದು ಪೇಜಿನ ಬಣ್ಣ ಅಲ್ಲ, ಅಡ್ರೆಸ್ಸು. ಸರಿಯಾಗಿ ನೋಡಿದ್ರೆ ಒಂದು ಅಕ್ಷರ ಜಾಸ್ತಿ ಇತ್ತು! ಅವತ್ತು ಸಂಜೆಯೇ ಹೆಂಡತಿಯ ಫೋನಿಗೂ ಹಾಕಿ ಕೊಟ್ಟೆ.