ಲೋಲಕದ ಪ್ರಯೋಗ: ಎಣಿಕೆ ಸೊನ್ನೆಯಿಂದ ಶುರುವಾಗಲಿ

ಮೇಷ್ಟ್ರುಗಳೇ, ಮೇಡಂಗಳೇ, ಲ್ಯಾಬ್ ಇಲ್ಲವೆಂದು ಗುರುತ್ವದ ಪಾಠವನ್ನು ಬರೀ ಬೋರ್ಡಿನಲ್ಲಿ ಮುಗಿಸಬೇಡಿ. ದಾರ, ದೊಡ್ಡದೊಂದು ನಟ್ಟು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ನಟ್ಟನ್ನು ದಾರಕ್ಕೆ ಕಟ್ಟಿ ಮೊಳೆಗೆ ತೂಗುಹಾಕಿ; ಮೊಳೆಯಿಂದ ನಟ್ಟಿನ ನಡುಭಾಗದವರೆಗೆ ಸರಿಯಾಗಿ 1 ಮೀಟರ್ ಇರಲಿ. ಅರ್ಧ ಗೇಣು ಎಳೆದು ಮೆಲ್ಲಗೆ ಬಿಡಿ. 20 ಆಂದೋಲನಕ್ಕೆ (ಹೋಗಿ ವಾಪಸ್ ಬಂದರೆ ಒಂದು) ಸುಮಾರು 40 ಸೆಕೆಂಡು ಬರಬೇಕು.

ಮಕ್ಕಳು ಎಡವುವುದು ಎಣಿಕೆಯಲ್ಲೇ. ವಾಚ್ ಒತ್ತಿದ ಕ್ಷಣಕ್ಕೇ ‘ಒಂದು’ ಅಂದುಬಿಡುತ್ತಾರೆ; ಅಲ್ಲಿಗೆ ಎಣಿಸಿದ್ದು 19 ಮಾತ್ರ, ಈ ಸಮಯದಿಂದ ಲೆಕ್ಕ ಹಾಕುವ ‘ಜಿ’ (ಗುರುತ್ವ ವೇಗೋತ್ಕರ್ಷ) ಬೆಲೆ 9.8ರ ಬದಲು 10.9ರ ಹತ್ತಿರ ಹೋಗುತ್ತದೆ. ‘ಸೊನ್ನೆ’ ಎಂದೇ ಶುರುಮಾಡಿಸಿ. ಆದರೆ ಮೊದಲ ಸಲ ತಿದ್ದಬೇಡಿ, ದಯವಿಟ್ಟು! ತಪ್ಪು ಎಲ್ಲಿದೆ ಅಂತ ಅವರೇ ಹುಡುಕಲಿ, ಒಂದು ಪೀರಿಯಡ್ ಹೋದರೂ ಪರವಾಗಿಲ್ಲ.

ಆಮೇಲೆ ದಾರವನ್ನು 25 ಸೆಂ.ಮೀ.ಗೆ ಇಳಿಸಿ, ಎಳೆತವನ್ನೂ ಕಡಿಮೆ ಮಾಡಿ, ಸಮಯ ಎಷ್ಟಾಗಬಹುದೆಂದು ಮೊದಲೇ ಕೇಳಿ. ಬಹಳ ಮಂದಿ 10 ಅನ್ನುತ್ತಾರೆ. ವಾಚ್ 20 ತೋರಿಸುತ್ತದೆ.