ಬೆಕ್ಕಿನ ಮರಿಯ ಹೊಟ್ಟೆಹುಳು, ಭೇದಿ: ಮನೆಮಂದಿಗೆ ಹತ್ತದಂತೆ ನೋಡಿಕೊಳ್ಳುವ ಬಗೆ

ಅಟ್ಟದಿಂದಲೋ ಸೌದೆ ಕೊಟ್ಟಿಗೆಯಿಂದಲೋ ಇಳಿದು ಬಂದ ಮರಿಗೆ ಹೊಟ್ಟೆ ಡೊಳ್ಳಾಗಿ ಬೆನ್ನುಮೂಳೆ ಎದ್ದು ಕಂಡರೆ, ಹೊಟ್ಟೆ ತುಂಬಿದೆ ಎಂದುಕೊಳ್ಳಬೇಡಿ. ಹೆಚ್ಚಿನಂಶ ಜಂತುಹುಳು ಇರುತ್ತದೆ. ಇದು ತಾಯಿಯ ಹಾಲಿನಲ್ಲೇ ದಾಟುವುದರಿಂದ ಮನೆಯೊಳಗೇ ಬೆಳೆದ ಮರಿಗೂ ಬರುತ್ತದೆ.

ಜಂತು ಹೊರಹಾಕುವ ಪೈರಾಂಟೆಲ್ ಔಷಧಿಯನ್ನು ಮರಿಯ ಮೂರನೇ ವಾರಕ್ಕೆ ಶುರುಮಾಡಿ, ಎಂಟು ವಾರದವರೆಗೆ 15 ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಬೇಕು. ತಾಯಿಗೂ ಜೊತೆಗೇ ಆಗಲಿ. ಒಂದೇ ಸಲ ಕೊಟ್ಟು ಬಿಡುವುದೇ ಎಲ್ಲರೂ ಮಾಡುವ ತಪ್ಪು: ಔಷಧಿ ಕರುಳಿನಲ್ಲಿರುವ ಹುಳುವನ್ನಷ್ಟೇ ಹೊರಹಾಕುತ್ತದೆ, ಮೈಯೊಳಗೆ ಅಲೆಯುವ ಎಳೆಹುಳು ಆಮೇಲೆ ಕರುಳಿಗಿಳಿಯುತ್ತದೆ. ಅಳತೆ ತೂಕದ ಮೇಲೆ. ಅಡುಗೆಮನೆಯ ತಕ್ಕಡಿಯಲ್ಲಿ 500 ಗ್ರಾಂ ತೂಗಿದ ಮರಿಗೆ ಕೆ.ಜಿ.ಗೆ 10 ಮಿ.ಗ್ರಾಂ ಲೆಕ್ಕದಲ್ಲಿ 5 ಮಿ.ಗ್ರಾಂ ಸಾಕು, ಮಿ.ಲೀ.ಗೆ 50 ಮಿ.ಗ್ರಾಂ ಇರುವ ಸಿರಪ್ಪಾದರೆ ಅದು 0.1 ಮಿ.ಲೀ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹಾಕಿ. ಮೊದಲ ಸಲ ಅಳತೆಯನ್ನು ಪಶುವೈದ್ಯರಿಗೆ ತೋರಿಸಿಕೊಳ್ಳಿ. ಬಾಲದಡಿ ಅಕ್ಕಿಕಾಳಿನಂಥದ್ದು ಅಂಟಿದ್ದರೆ ಅದು ಲಾಡಿಹುಳು. ಇದಕ್ಕೆ ಪೈರಾಂಟೆಲ್ ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಬೇಕು, ಈ ಹುಳುವನ್ನು ಹರಡುವ ಚಿಗಟವೂ ಹೋಗಬೇಕು. ಆದರೆ ನಾಯಿಯ ಚಿಗಟಕ್ಕೆಂದು ತಂದ ಪರ್ಮೆಥ್ರಿನ್ ಔಷಧಿ ಹಚ್ಚಿದರೆ ಬೆಕ್ಕು ಸಾಯಬಹುದು.

ಭೇದಿಯಾದರೆ ಮೊದಲು ಹಸುವಿನ ಹಾಲು ನಿಲ್ಲಿಸಿ, ನೀರು ಇಡಿ. ರಕ್ತ ಬಿದ್ದರೆ, ಮರಿ ಮಂಕಾದರೆ, ತಿನ್ನದಿದ್ದರೆ ಅದೇ ದಿನ ಆಸ್ಪತ್ರೆಗೆ. ಹೊಸ ಮಲವನ್ನು ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಮಲದಲ್ಲಿ ಒಂದು ದಿನ ಕಂಡು ಮರುದಿನ ಕಾಣದೆ ಹೋಗುವುದರಿಂದ ದಿನ ಬಿಟ್ಟು ದಿನ ಮೂರು ಸಲ ಪರೀಕ್ಷಿಸುವುದುಂಟು. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಬೇಡ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಮರಿಯ ಮಲಮೂತ್ರಕ್ಕೆ ಹಳೆ ಪ್ಲಾಸ್ಟಿಕ್ ಬೋಗುಣಿಗೆ ಮರಳು ಅಥವಾ ಮರದ ಹೊಟ್ಟು ಹಾಕಿ. ಒಲೆಬೂದಿ ಬೇಡ: ಒದ್ದೆಯಾದರೆ ಕಾಲು ಸುಡುತ್ತದೆ, ಮರಿ ಅದನ್ನೇ ನೆಕ್ಕುತ್ತದೆ. ಮಲವನ್ನು ದಿನಾ ಎತ್ತುವುದು ಮುಖ್ಯ, ಏಕೆಂದರೆ ಬೆಕ್ಕಿನ ಮಲದಲ್ಲಿ ಬರುವ, ಬಸುರಿಯ ಹೊಟ್ಟೆಯ ಮಗುವಿಗೆ ಅಪಾಯ ತರುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಸೋಂಕು ತಗುಲಿಸುವಷ್ಟು ಬಲಿಯಲು ಮಲ ಬಿದ್ದ ಮೇಲೆ ಒಂದರಿಂದ ಐದು ದಿನ ಬೇಕು. ಬಸುರಿಯರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಬೋಗುಣಿಯನ್ನು ಫಿನಾಯಿಲ್‌ನಿಂದ ತೊಳೆಯಬೇಡಿ. ಅದು ಬೆಕ್ಕಿಗೆ ಹಾನಿ, ಹುಳುವಿನ ಮೊಟ್ಟೆಗೆ ನಾಟುವುದೂ ಇಲ್ಲ. ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲನ್ನು ನಂಬುವಂತಿಲ್ಲ, ಆದ್ದರಿಂದ ನೀರೇ ಗತಿ. ಎತ್ತಿದ ಮಲವನ್ನು ಬಾವಿ, ತರಕಾರಿ ಮಡಿಗಳಿಂದ ದೂರದಲ್ಲಿ ಒಂದಡಿ ಆಳಕ್ಕೆ ಹೂಳಿ. ಗೊಬ್ಬರಗುಂಡಿಗೆ ಎಸೆದರೆ ಜಂತುವಿನ ಮೊಟ್ಟೆ ಬಸಳೆ ಬುಡಕ್ಕೇ ಬರುತ್ತದೆ. ಒದ್ದೆ ಮಣ್ಣಿನಲ್ಲಿ ಅದು ಎರಡು–ನಾಲ್ಕು ವಾರದಲ್ಲಿ ಬಲಿತು, ತಿಂಗಳುಗಟ್ಟಲೆ ಬದುಕುತ್ತದೆ.

ಮಕ್ಕಳು ಮರಿ ಮುಟ್ಟಿದರೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಲಿ. ಬೆಕ್ಕು ಹೇಲುವ ಜಾಗದಲ್ಲಿ ಬರಿಗಾಲಿನಲ್ಲಿ ಆಡದಿರಲಿ, ಕೊಕ್ಕೆಹುಳು ಚರ್ಮದಿಂದಲೇ ಹೊಗುತ್ತದೆ. ಮನೆಯವರಿಗೆ ಜ್ವರದ ಜೊತೆ ಭೇದಿಯೋ, ಪಾದದಲ್ಲಿ ಹಾವಿನಂತೆ ಹರಿದ ತುರಿಕೆಯ ಗೆರೆಯೋ ಕಂಡರೆ, ಮನೆಯಲ್ಲಿ ಮರಿ ಇರುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.