ಟೀ ಚರಟ, ಮಳೆ ನೀರು, ಚೂರು ಪಟಿಕ: ಕೊನೆಗೂ ನೀಲಿಯಾದ ನನ್ನ ಹೈಡ್ರೇಂಜಿಯಾ

ನಾಲ್ಕು ವರ್ಷ ಆಯ್ತು ಈ ಹೈಡ್ರೇಂಜಿಯಾ ಗಿಡಗಳ ಹಿಂದೆ ಬಿದ್ದು. ಗೊಂಚಲು ಗೊಂಚಲಾಗಿ ಹೂ ಬಿಡೋ ಗಿಡ ಇದು, ಮಣ್ಣು ಹುಳಿ ಇದ್ದು ಅಲ್ಯೂಮಿನಿಯಂ ಸಿಕ್ರೆ ಹೂ ನೀಲಿ, ಇಲ್ಲಾಂದ್ರೆ ಗುಲಾಬಿ ಬಣ್ಣ. ಈ ಸಲ ಬಂದಿರೋ ಗೊಂಚಲು ಹೇಗಿದೆ ಅಂದ್ರೆ ಎರಡು ಅಂಗೈ ಜೋಡಿಸಿ ಹಿಡಿದ್ರೂ ಆಚೆ ಚೆಲ್ಲುತ್ತೆ, ಬಣ್ಣ ಮಸುಕು ನೇರಳೆ ಅಲ್ಲ, ಕಡು ನೀಲಿ, ಆರು ಕುಂಡದಲ್ಲಿ ನಾಲ್ಕು ಹಾಗೇ ಇದೆ. ಉಳಿದ ಎರಡರ ಕಥೆ ಆಮೇಲೆ ಹೇಳ್ತೀನಿ. ಒಂದು ಡಬ್ಬಿ ಗೊಬ್ಬರವೂ ಇಲ್ಲ, ಎಲ್ಲಾ ಮನೆಯಲ್ಲಿ ಇರೋದೇ. "ಅಡುಗೆಮನೆ ಕಸದಲ್ಲಿ ಗುಲಾಬಿ ಬೇಕಾದ್ರೆ ಬರಬಹುದು, ಹೈಡ್ರೇಂಜಿಯಾ ನೀಲಿ ಆಗೋದು ಸುಳ್ಳು" ಅಂದವರು ತುಂಬಾ ಜನ, ಅದರಲ್ಲಿ ನನಗಿಂತ ಹತ್ತು ವರ್ಷ ಹೆಚ್ಚು ಗಿಡ ಬೆಳೆಸಿದವರೂ ಇದ್ರು, ಅದಕ್ಕೇ ಇದನ್ನ ಬರೀಬೇಕು ಅನ್ನಿಸ್ತು.

ಕುಂಡ ತುಂಬೋದು, ನೀರು ಹಾಕೋದು, ನೆರಳು ಎಷ್ಟು ಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಮೊದಲನೇ ವರ್ಷ ಮಾಡಿದ್ದು ಎಲ್ಲರೂ ಮಾಡೋದೇ. ಕಾಫಿ ಚರಟ, ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಬೂದಿ, ಸಿಕ್ಕಿದ್ದೆಲ್ಲ ಒಟ್ಟಿಗೆ ಹಾಕಿದೆ. ಕಾಫಿ ಚರಟವನ್ನ ಸುಮಾರು ಒಂದಿಂಚು ದಪ್ಪ ಹರಡಿದ್ದೆ, ಹೆಚ್ಚು ಹಾಕಿದಷ್ಟೂ ಮಣ್ಣು ಹುಳಿ ಆಗುತ್ತೆ ಅಂತ ನಂಬಿಕೊಂಡು. ಹತ್ತು ದಿನಕ್ಕೆ ಅದು ಒಣಗಿ ಹಪ್ಪಳದ ಥರ ಗಟ್ಟಿಯಾಯ್ತು, ಮೇಲೆ ಬೂಸ್ಟು, ನೀರು ಹಾಕಿದ್ರೆ ಅಂಚಲ್ಲಿ ಜಾರಿ ಕುಂಡದ ಕೆಳಗಿಂದ ಹೊರಗೆ ಬರ್ತಿತ್ತು. ನಾನು ದಿನಾ ನೀರು ಹಾಕ್ತಾನೇ ಇದ್ದೆ, ಗಿಡ ದಿನಾ ಬಾಡ್ತಾನೇ ಇತ್ತು. ಕೊನೆಗೆ ಆ ಹೆಪ್ಪನ್ನ ಎತ್ತಿ ನೋಡಿದ್ರೆ ಕೆಳಗಿನ ಮಣ್ಣು ಪುಡಿ ಪುಡಿ, ಪೂರ್ತಿ ಒಣ. ಇನ್ನೊಂದು ವಿಷಯ, ಹಸಿ ಕಾಫಿ ಪುಡಿ ಹುಳಿ ಇರೋದು ನಿಜ, ಆದ್ರೆ ಬಸಿದ ಮೇಲೆ ಆ ಹುಳಿಯಲ್ಲಿ ಬಹುಪಾಲು ನೀರಿನ ಜೊತೆ ಹೋಗಿಬಿಟ್ಟಿರುತ್ತೆ, ಉಳಿದ ಚರಟದ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 6.5 ಆಸುಪಾಸು. ಅದರಲ್ಲಿ ಸಾರಜನಕ ಶೇಕಡಾ 2ರಷ್ಟು ಇದೆ, ಅದೂ ನಿಧಾನಕ್ಕೆ ಬಿಡುಗಡೆ ಆಗುತ್ತೆ, ಅಷ್ಟಕ್ಕೆ ಒಳ್ಳೇದು. ಮಣ್ಣು ಹುಳಿ ಮಾಡುತ್ತೆ ಅನ್ನೋ ಆಸೆ ಬಿಟ್ಟುಬಿಡಿ.

ಮೊಟ್ಟೆ ಸಿಪ್ಪೆ ವಿಷಯಕ್ಕೆ ನಾನು ಇವತ್ತಿಗೂ ಜಗಳ ಆಡ್ತೀನಿ. ಅದು ಪೂರ್ತಿ ಸುಣ್ಣದ ಬಾಬತ್ತು. ನೀಲಿ ಬೇಕು ಅಂತ ಒಂದು ಕಡೆ ಹುಳಿ ಹಾಕೋದು, ಇನ್ನೊಂದು ಕಡೆ ಸುಣ್ಣ ಹಾಕೋದು, ಇದಕ್ಕಿಂತ ವ್ಯರ್ಥ ಕೆಲಸ ಇಲ್ಲ. ಒಂದು ವರ್ಷ ಬಿಟ್ಟು ಕುಂಡ ಬದಲಾಯಿಸುವಾಗ ಮಣ್ಣಲ್ಲಿ ಸಿಪ್ಪೆ ಚೂರು ಹಾಕಿದ ಹಾಗೇ ಇತ್ತು, ಒಳಗಿನ ಪೊರೆ ಕೂಡ ಅಂಟಿಕೊಂಡಿತ್ತು. ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟೆ, ಬುಸ್ ಅಂತ ನೊರೆ ಬಂತು. ಅಂದ್ರೆ ನಾನು ಹಾಕೋ ಹುಳಿಯಲ್ಲಿ ಒಂದು ಪಾಲನ್ನ ಈ ಚೂರುಗಳೇ ತಿಂತಾ ಕೂತಿದ್ವು.

ಎರಡನೇ ವರ್ಷ ದುಡ್ಡು ಸುರಿದೆ. ಹೂ ಜಾಸ್ತಿ ಬರುತ್ತೆ ಅನ್ನೋ ಡಬ್ಬಿ ಗೊಬ್ಬರ, ಬಣ್ಣದ ದ್ರಾವಣ, ಒಂದು ಪಿಎಚ್ ಮೀಟರ್. ಒಟ್ಟು ಖರ್ಚಲ್ಲಿ ಇನ್ನೂ ಐದಾರು ಗಿಡ ಬರ್ತಿತ್ತು. ಮೀಟರ್ ಒಂದೇ ಕುಂಡದಲ್ಲಿ ಬೆಳಿಗ್ಗೆ 7 ಸಂಜೆ 5 ತೋರಿಸ್ತಿತ್ತು, ಎಸೆದೆ, ಈಗ ಲಿಟ್ಮಸ್ ಥರದ ಪಟ್ಟಿ ಸಾಕು ನನಗೆ. ಡಬ್ಬಿ ಗೊಬ್ಬರದಲ್ಲಿ ರಂಜಕ ತುಂಬಾ ಇತ್ತು, ಅದು ಮಣ್ಣಲ್ಲಿರೋ ಅಲ್ಯೂಮಿನಿಯಂ ಅನ್ನ ಹಿಡಿದು ಕೂತ್ಕೊಳ್ಳುತ್ತೆ, ಬೇರಿಗೆ ಸಿಗಲ್ಲ, ನೀಲಿ ಬರಲ್ಲ. ಅದೇ ವರ್ಷ ಸಾರಜನಕವೂ ಅತಿ ಆಗಿ ಎಲೆ ಅಂಗೈಗಿಂತ ದೊಡ್ಡದು, ಕಪ್ಪು ಹಸಿರು, ಆರೂ ಗಿಡ ಸೇರಿ ಹೂ ಬರೀ ಮೂರು. ಅದರ ಮೇಲೆ ನಾನು ತಪ್ಪು ಹೊತ್ತಲ್ಲಿ ಕತ್ತರಿ ಬೇರೆ ಹಾಕಿದ್ದೆ. ಈ ಜಾತಿ ಹಳೇ ಕಡ್ಡಿ ಮೇಲೇ ಮುಂದಿನ ಸಲದ ಮೊಗ್ಗು ಇಟ್ಟುಕೊಂಡಿರುತ್ತೆ, ಅದನ್ನ ಕತ್ತರಿಸಿ ಎಸೆದು ಆಮೇಲೆ ಗೊಬ್ಬರಕ್ಕೆ ಬೈದರೆ ಏನು ಬಂತು.

ಮೂರನೇ ವರ್ಷ ಯಾಕೆ ಬಣ್ಣ ಬರ್ತಿಲ್ಲ ಅಂತ ಕೂತು ಯೋಚಿಸಿದಾಗ ಸಿಕ್ಕಿದ್ದು ನೀರು. ನಾನು ಹಾಕ್ತಿದ್ದ ನೀರು ಗಡಸು, ಕುಂಡದ ಅಂಚಲ್ಲಿ ಬಿಳೀ ಪದರ ಕಟ್ಟುತ್ತಲ್ಲ ಅದೇ. ಮೇಲಿಂದ ಏನೇ ಹುಳಿ ಹಾಕಿ, ವಾರಕ್ಕೆ ನಾಲ್ಕು ಸಲ ಸುಣ್ಣದ ನೀರು ಕುಡಿಸಿದ್ರೆ ಪಿಎಚ್ ಮತ್ತೆ ಮೇಲೆ ಹತ್ತುತ್ತೆ. ವಿನೆಗರ್ ನೀರು ಹಾಕಿ ನೋಡಿದೆ, ಲೀಟರಿಗೆ ಒಂದು ಚಮಚ, ಪಟ್ಟಿಯಲ್ಲಿ ಆ ದಿನ ಇಳಿಯುತ್ತೆ, ಒಂದು ವಾರದಲ್ಲಿ ಅದೇ ಹಳೇ 6.8ಕ್ಕೆ ವಾಪಸ್. ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು, ನೋಡಿದ್ರೆ ಕಬ್ಬಿಣದ ಕೊರತೆ ಅನ್ನೋದು ಗೊತ್ತಾಗುತ್ತೆ, ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಆ ಪಿಎಚ್‌ನಲ್ಲಿ ಗಿಡಕ್ಕೆ ತಗೊಳ್ಳಕ್ಕೆ ಆಗಲ್ಲ. ತುಕ್ಕು ಹಿಡಿದ ಮೊಳೆ ಹೂತ್ರೆ ನೀಲಿ ಬರುತ್ತೆ ಅಂತಾರಲ್ಲ, ಅದನ್ನೂ ಮಾಡಿದೀನಿ, ಒಂದು ಕುಂಡಕ್ಕೆ ಹನ್ನೆರಡು ಮೊಳೆ. ಏನೂ ಆಗಲಿಲ್ಲ. ನೀಲಿಗೆ ಬೇಕಾಗಿರೋದು ಅಲ್ಯೂಮಿನಿಯಂ, ಕಬ್ಬಿಣ ಅಲ್ಲ.

ಆಗ ಎಲ್ಲಾ ಬಿಟ್ಟು ಮೂರೇ ವಸ್ತು ಇಟ್ಟುಕೊಂಡೆ: ಮಳೆ ನೀರು, ಟೀ ಚರಟ, ಪಟಿಕ. ಕುಂಡಗಳ ಮಣ್ಣು ಪೂರ್ತಿ ತೆಗೆದು ಒಂದೂವರೆ ವರ್ಷ ಕೊಳೆಸಿದ್ದ ಎಲೆಗೊಬ್ಬರ ಅರ್ಧಕ್ಕರ್ಧ ಸೇರಿಸಿ ಹೊಸದಾಗಿ ತುಂಬಿದೆ. ಮಳೆ ನೀರು ಡ್ರಮ್ಮಲ್ಲಿ ಹಿಡಿದು ಅದನ್ನ ಬಿಟ್ಟು ಬೇರೆ ಹಾಕಲಿಲ್ಲ.

ಗೊಬ್ಬರಕ್ಕೆ ಟೀ ಚರಟ. ಟೀ ಗಿಡ ತನ್ನ ಎಲೆಯಲ್ಲಿ ಅಲ್ಯೂಮಿನಿಯಂ ಕೂಡಿಡೋ ಗಿಡ, ಕುದಿಸಿದಾಗ ಸ್ವಲ್ಪ ನೀರಿಗೆ ಹೋಗುತ್ತೆ, ಮಿಕ್ಕಿದ್ದು ಚರಟದಲ್ಲೇ ಇರುತ್ತೆ. ಹಾಲು ಸಕ್ಕರೆ ಹಾಕಿ ಕುದಿಸಿದ ಚರಟ ಆದ್ರೆ ಎರಡು ಸಲ ಚೆನ್ನಾಗಿ ತೊಳೀಲೇಬೇಕು, ಇಲ್ಲಾಂದ್ರೆ ಇರುವೆ, ನಾತ. ನೆರಳಲ್ಲಿ ಒಣಗಿಸಿ ಮೂರು ಪಾಲು ಟೀ, ಒಂದು ಪಾಲು ಕಾಫಿ ಚರಟ, ನಾಲ್ಕು ಪಾಲು ಒಣ ಎಲೆ, ಇದನ್ನ ತೂತು ಮಾಡಿದ ಬಕೆಟ್ಟಲ್ಲಿ ಎರಡೂವರೆ ಮೂರು ತಿಂಗಳು ಕೊಳೆಸ್ತೀನಿ. ವಾರಕ್ಕೊಂದ್ಸಲ ತಿರುವಿ. ಕೈಯಲ್ಲಿ ಹಿಂಡಿದ್ರೆ ಉಂಡೆ ಆಗಬೇಕು, ಬೆರಳಿಂದ ಒತ್ತಿದ್ರೆ ಒಡೀಬೇಕು, ಟೀ ವಾಸನೆ ಹೋಗಿ ಮಳೆ ಬಿದ್ದ ನೆಲದ ವಾಸನೆ ಬರಬೇಕು. ಇದಕ್ಕೆ ಇನ್ನೊಂದು ವಸ್ತು ಒಂದು ಹಿಡಿ ಸೇರಿಸ್ತೀನಿ, ಅದನ್ನ ಈಗಲೇ ಹೇಳಲ್ಲ, ಇನ್ನೊಂದು ವರ್ಷ ನೋಡಿ ಖಾತ್ರಿ ಆದ್ಮೇಲೆ ಹೇಳ್ತೀನಿ. ಹನ್ನೆರಡು ಇಂಚಿನ ಕುಂಡಕ್ಕೆ ಎರಡು ಹಿಡಿ, ಚಿಗುರು ಬರುವಾಗ ಒಂದ್ಸಲ, ಮೊಗ್ಗು ಕಾಣಿಸಿದಾಗ ಒಂದ್ಸಲ. ವರ್ಷಕ್ಕೆ ಅಷ್ಟೇ.

ಬಾಳೆ ಸಿಪ್ಪೆ ನೀರಲ್ಲಿ ನೆನೆಸಿ ಹಾಕೋದು ಬಿಟ್ಟೆ, ಪೊಟ್ಯಾಶ್ ಸಿಗುತ್ತೆ ನಿಜ, ಜೊತೆಗೆ ಸಣ್ಣ ನೊಣದ ಹಿಂಡೂ ಬರುತ್ತೆ. ಈಗ ಒಣಗಿಸಿ ಕತ್ತರಿಸಿ ಅದೇ ಬಕೆಟ್ಟಿಗೆ.

ಪಟಿಕ ಅಂದ್ರೆ ಅಲ್ಯೂಮಿನಿಯಂ ಇರೋ ಉಪ್ಪೇ, ಮಣ್ಣನ್ನ ಹುಳಿಯೂ ಮಾಡುತ್ತೆ. ಇಲ್ಲೇ ನಾನು ಒಂದು ಒಳ್ಳೇ ಗಿಡ ಕಳ್ಕೊಂಡಿದ್ದು. ಬೇಗ ಆಗಲಿ ಅಂತ ಮೂರು ದೊಡ್ಡ ಚಮಚ ಪುಡಿ ಒಣ ಮಣ್ಣಿಗೇ ಹಾಕಿ ಮೇಲೆ ಚೂರು ನೀರು ಬಿಟ್ಟೆ. ಮೂರನೇ ದಿನ ಎಲೆ ಅಂಚು ಕಂದು, ವಾರದಲ್ಲಿ ಇಡೀ ಎಲೆ ಕಾಗದದ ಥರ ಸುರುಳಿ, ಕಿತ್ತು ನೋಡಿದ್ರೆ ಬಿಳೀ ಬೇರುಗಳೆಲ್ಲ ಕಪ್ಪು. ಐದು ವರ್ಷದ ಗಿಡ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಅದರ ಜಾಗಕ್ಕೆ ಆಮೇಲೆ ಬೇರೆ ಗಿಡ ತಂದು ಆರು ಮಾಡಿದ್ದು. ಈಗ ನಾಲ್ಕು ಲೀಟರ್ ಮಳೆ ನೀರಿಗೆ 10 ಗ್ರಾಂ ಅಂದಾಜು, ಪೂರ್ತಿ ಕರಗಿಸಿ, ಮೊದಲು ಬರೀ ನೀರು ಹಾಕಿ ಮಣ್ಣು ಒದ್ದೆ ಮಾಡಿ, ಒಂದು ಗಂಟೆ ಬಿಟ್ಟು ಇದನ್ನ ಒಂದೊಂದು ಕುಂಡಕ್ಕೆ ಒಂದು ಲೀಟರ್. ಮೂರು ವಾರಕ್ಕೊಂದ್ಸಲ, ಒಟ್ಟು ನಾಲ್ಕು ಸಲ. ಯಾವಾಗ ಶುರು ಮಾಡಬೇಕು ಅನ್ನೋದೇ ಗುಟ್ಟು, ಇಷ್ಟು ಹೇಳಬಲ್ಲೆ: ಹೂ ಅರಳಿದ ಮೇಲೆ ಹಾಕಿದ್ರೆ ಆ ಸಲದ ಹೂವಿಗೆ ಉಪಯೋಗ ಇಲ್ಲ. ಎರಡು ವರ್ಷ ಆಗದ ಎಳೇ ಗಿಡಕ್ಕೆ ಮುಟ್ಟಿಸಲೇಬೇಡಿ.

ಹೊಸ ಮಣ್ಣಲ್ಲೂ ಮೊದಲ ಹೂ ಗುಲಾಬಿ ನೇರಳೆ ಮಧ್ಯದ ಬಣ್ಣದಲ್ಲೇ ಬಂತು, ನಕ್ಕವರು ಇನ್ನೂ ಜಾಸ್ತಿ ನಕ್ಕರು. ಬಿಡಲಿಲ್ಲ. ಈ ಸಲ ಪಟ್ಟಿ 5.5ರ ಹತ್ತಿರ ತೋರಿಸ್ತಿದೆ. ಒಂದು ಗೊಂಚಲನ್ನ ಅರಳುವಾಗ ದಿನಾ ನೋಡಿದೆ, ಮೊದಲು ತಿಳಿ ಹಸಿರು, ಆಮೇಲೆ ಕೆನೆ ಬಿಳಿ, ದಳ ಅಂತೀವಲ್ಲ ಆ ಪುಷ್ಪಪತ್ರದ ಅಂಚಿಂದ ನೀಲಿ ಶುರುವಾಗಿ ನಡುವಿಗೆ ಇಳೀತು, ಸುಮಾರು ಎರಡು ವಾರ ಹಿಡೀತು.

ಉಳಿದ ಎರಡು ಕುಂಡ ಅಂದ್ನಲ್ಲ. ಒಂದು ಬಿಳೀ ಜಾತಿ, ಅದು ಏನು ಹಾಕಿದ್ರೂ ನೀಲಿ ಆಗಲ್ಲ, ಅದಕ್ಕೆ ಪಟಿಕ ಕೊಡೋದೇ ಇಲ್ಲ, ಬರೀ ಟೀ ಗೊಬ್ಬರ, ಅಷ್ಟಕ್ಕೇ ಹನ್ನೊಂದು ಗೊಂಚಲು ಬಿಟ್ಟಿದೆ. ಇನ್ನೊಂದು ನಾನೇ ಬೇಕಂತ ಗುಲಾಬಿ ಮಾಡಿದ್ದು. ನೀಲಿ ಗಿಡದ್ದೇ ಕಡ್ಡಿ ಬೇರು ಬರಿಸಿದ್ದು, ಅದಕ್ಕೆ ಮಣ್ಣಿನ ಹುಳಿ ತಗ್ಗಿಸೋಕೆ ಕಟ್ಟಿಗೆ ಬೂದಿ ತಿಂಗಳಿಗೆ ಒಂದು ಚಮಚ, ನಲ್ಲಿ ನೀರು. ತಾಯಿ ಗಿಡ ನೀಲಿ, ಪಕ್ಕದಲ್ಲೇ ಮಗಳು ಗುಲಾಬಿ. ಇದನ್ನ ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ.

ಖರ್ಚು ಈ ವರ್ಷ ಒಂದು ಗಟ್ಟಿ ಪಟಿಕ, ಒಂದು ಕಟ್ಟು ಪಿಎಚ್ ಪಟ್ಟಿ, ಎರಡೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ಈಗ ಹೂಗಳು ಮೆಲ್ಲಗೆ ಹಸಿರಿಗೆ ತಿರುಗ್ತಿವೆ. ಒಣಗಿದ ಗೊಂಚಲನ್ನ ಕೆಳಗಿನ ಮೊದಲ ಜೋಡಿ ಮೊಗ್ಗಿನ ಮೇಲಕ್ಕೆ ಕತ್ತರಿಸ್ತೀನಿ, ಅದಕ್ಕಿಂತ ಕೆಳಗೆ ಕತ್ತರಿ ಇಳಿಸಲ್ಲ. ಬಕೆಟ್ಟಲ್ಲಿ ಮುಂದಿನ ಸಲದ ಚರಟ ಆಗಲೇ ಕಾಲು ಭಾಗ ಆಗಿದೆ.